ಹೆಗಲೆಲುಬಿನ ವ್ಯಾಯಾಮದಿಂದ ಕುತ್ತಿಗೆ ಬೇನೆಗೆ ನಿಜವಾಗಿ ಉಪಯೋಗ ಉಂಟಾ?

ಪೆರ್ಲದ ಗುಮಾಸ್ತ · ಭಾನುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಪೇಟೆಯಲ್ಲಿ ಅರ್ಜಿ ತುಂಬಿಸಿಕೊಡುವ ಒಂದು ಸಣ್ಣ ಕೇಂದ್ರದಲ್ಲಿ ನನ್ನ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ ಏಳುವುದು ಊಟಕ್ಕೆ, ಮತ್ತೆ ಸಂಜೆ ಆರಕ್ಕೆ. ರೇಷನ್ ಕಾರ್ಡು, ಪಿಂಚಣಿ ಮಸ್ಟರಿಂಗ್ (ಪಿಂಚಣಿಯವರು ಬದುಕಿದ್ದಾರೆ ಅಂತ ದಾಖಲಿಸುವುದು), ಭೂತೆರಿಗೆ, ಮಕ್ಕಳ ಸ್ಕಾಲರ್‌ಶಿಪ್ಪು, ಎಲ್ಲವೂ ನಮ್ಮಲ್ಲಿಗೇ ಬರ್ತದೆ. ಜನ ಕನ್ನಡದಲ್ಲೋ ತುಳುವಿನಲ್ಲೋ ಹೇಳ್ತಾರೆ, ಊರು ಕೇರಳದಲ್ಲಿ ಆದ ಕಾರಣ ಫಾರ್ಮು ಮಲಯಾಳದಲ್ಲಿ ಇರ್ತದೆ. ಕಾಗದ ಎಡಗಡೆ, ಪರದೆ ಎದುರು, ಮೌಸ್ ಬಲಗಡೆ ಮೇಜಿನ ಅಂಚಿನಲ್ಲಿ. ದಿನಕ್ಕೆ ನೂರು ಸಲ ಕುತ್ತಿಗೆ ಎಡಕ್ಕೆ ಹೋಗಿ ಬರ್ತದೆ.

ಆರು ತಿಂಗಳಿಂದ ಬಲಗಡೆ ಕುತ್ತಿಗೆಯ ಬುಡದಿಂದ ಬೆನ್ನಿನ ರೆಕ್ಕೆ ಎಲುಬಿನ ಮೇಲಿನ ಮೂಲೆವರೆಗೆ ಬೇನೆ. ಬೆರಳಿಟ್ಟು ಒತ್ತಿದರೆ ಒಂದು ಗಂಟು ಸಿಗ್ತದೆ, ಅಡಿಕೆಯಷ್ಟು. ಮಧ್ಯಾಹ್ನ ಮೂರು ಗಂಟೆಯ ಮೇಲೆ ತಲೆನೋವೂ ಸೇರಿಕೊಳ್ತದೆ. ಧನ್ವಂತರಂ ಕುಳಂಬು ತಿಕ್ಕಿ ಬಿಸಿನೀರು ಹೊಯ್ದುಕೊಂಡರೆ ರಾತ್ರಿ ನಿದ್ದೆ ಬರ್ತದೆ, ಬೆಳಿಗ್ಗೆ ಹನ್ನೊಂದಕ್ಕೆ ಪುನಃ ಶುರು. ಮಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆ, ದೊಡ್ಡದು ಏನೂ ಇಲ್ಲ ಅಂದರು, ಮಾತ್ರೆ ಕೊಟ್ಟರು. ಯಾರೋ ಹೆಗಲೆಲುಬಿಗೆ ವ್ಯಾಯಾಮ ಮಾಡು ಅಂದರು. ಬೇನೆ ಇರುವುದು ಕುತ್ತಿಗೆಯಲ್ಲಿ, ಹೆಗಲೆಲುಬಿಗೆ ಯಾಕೆ ವ್ಯಾಯಾಮ? ಮಾಡಿ ಕಡಿಮೆ ಆದವರು ಯಾರಾದರೂ ಇದ್ದೀರಾ?

ಉಪ್ಪಳ ಎಕ್ಸ್‌ಪ್ರೆಸ್ · 9.52

ಎಂತ ಮಾರಾಯ್ರೆ, ನನ್ನ ಕಥೆಯನ್ನೇ ಬರೆದ ಹಾಗೆ ಉಂಟಲ್ಲ. ಮಂಗಳೂರಿಗೆ ದಿನಾ ರೈಲು, ಸೀಟು ಸಿಕ್ಕಿದರೆ ತೊಡೆ ಮೇಲೆ ಲ್ಯಾಪ್‌ಟಾಪ್. ಓದ್ತಾ ಇರ್ತೇನೆ.

ಚೆಂಡೆಮದ್ದಳೆ · 10.05

ಎದೆ ಮುಂದೆ, ಭುಜ ಹಿಂದೆ, ನೇರ ಕೂತುಕೊಳ್ಳಿ. ಅಷ್ಟೇ ಮದ್ದು. ನಮ್ಮ ಶಾಲೆಯ ಡ್ರಿಲ್ ಮಾಸ್ಟ್ರು ಹೇಳಿದ್ದು ಇದನ್ನೇ.

ಮುಳ್ಳೇರಿಯಾದ ಫಿಸಿಯೋ · 10.48

ಡ್ರಿಲ್ ಮಾಸ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ, ಕಾರಣ ಹೇಳ್ತೇನೆ. ಸ್ವಲ್ಪ ಉದ್ದ ಆಗ್ತದೆ.

ಹೆಗಲೆಲುಬು ಅಂದರೆ ತ್ರಿಕೋನದ ಚಪ್ಪಟೆ ಎಲುಬು, ಪಕ್ಕೆಲುಬುಗಳ ಬೆನ್ನ ಮೇಲೆ ದೋಣಿಯ ಹಾಗೆ ತೇಲುತ್ತಾ ಇರ್ತದೆ. ಮುಂಡಕ್ಕೆ ಎಲುಬಿನ ಮೂಲಕ ಅದಕ್ಕಿರುವ ಸಂಬಂಧ ಒಂದೇ ಒಂದು, ಎದುರಿನ ಕಾಲರ್ ಎಲುಬು. ಬಾಕಿ ಎಲ್ಲಾ ಸ್ನಾಯುಗಳ ಹಿಡಿತ. ಕೈಯನ್ನು ತಲೆ ಮೇಲೆ ಪೂರ್ತಿ ಎತ್ತಿದರೆ ಸುಮಾರು 180 ಡಿಗ್ರಿ. ಅದರಲ್ಲಿ 120ರಷ್ಟು ಭುಜದ ಕೀಲಿನದ್ದು, ಇನ್ನು 60 ಈ ಎಲುಬು ತಿರುಗಿ ಕೊಡುವಂಥದ್ದು. ಹಾಗಾಗಿ ಇದು ಗಟ್ಟಿ ಹಿಡಿದು ನಿಲ್ಲಿಸುವ ವಸ್ತು ಅಲ್ಲ, ಜಾರಬೇಕು, ತಿರುಗಬೇಕು.

ಈಗ ಗುಮಾಸ್ತರ ಪ್ರಶ್ನೆ. ಕುತ್ತಿಗೆಯ ಮೇಲಿನ ನಾಲ್ಕು ಕಶೇರುಗಳಿಂದ ಹೊರಟ ಒಂದು ಸ್ನಾಯು ಇಳಿದು ಬಂದು ಹೆಗಲೆಲುಬಿನ ಮೇಲಿನ ಒಳಮೂಲೆಗೆ ಅಂಟಿಕೊಳ್ತದೆ. ಹೆಸರು ಲೆವೇಟರ್ ಸ್ಕ್ಯಾಪುಲೆ, ಹೆಸರೇ ಹೇಳುವ ಹಾಗೆ ಹೆಗಲೆಲುಬನ್ನು ಎತ್ತುವುದು ಅದರ ಕೆಲಸ. ನೀವು ಬೆರಳಿಟ್ಟು ತೋರಿಸುವ ಅಡಿಕೆ ಗಂಟು ಹೆಚ್ಚಾಗಿ ಅದು ಅಂಟಿಕೊಂಡ ಜಾಗವೇ. ಮೌಸ್ ದೂರ ಇದ್ದರೆ ಕೈಯ ಭಾರವನ್ನು ಇಡೀ ದಿನ ಹಿಡಿದಿರುವುದು ಅದು, ಮತ್ತು ಅದರ ಮೇಲೆ ಹಾಸಿಕೊಂಡಿರುವ ಟ್ರೆಪೀಜಿಯಸ್‌ನ ಮೇಲ್ಭಾಗ. ಭಾರ ದೊಡ್ಡದಲ್ಲ. ಆದರೆ ಎಂಟು ಗಂಟೆ ಬಿಡುವೇ ಇಲ್ಲ. ತುಂಬಿದ ಕೊಡವನ್ನು ಬಾವಿಯಿಂದ ಮನೆಗೆ ತಂದರೆ ಸುಸ್ತು ಅಷ್ಟೇ, ಖಾಲಿ ಕೊಡವನ್ನು ಸೊಂಟಕ್ಕೆ ಇಡದೆ ಸಂಜೆವರೆಗೆ ಕೈಯಲ್ಲೇ ಹಿಡಿದು ನಿಂತರೆ?

ಕೆಲಸ ಹಂಚಿಕೊಳ್ಳಬೇಕಾದ ಇನ್ನೆರಡು ಸ್ನಾಯು ಉಂಟು. ಟ್ರೆಪೀಜಿಯಸ್‌ನ ಕೆಳಭಾಗ ಒಂದು. ಪಕ್ಕೆಲುಬಿನಿಂದ ಸುತ್ತಿ ಬಂದು ಹೆಗಲೆಲುಬಿನ ಅಡಿಯಲ್ಲಿ ಹೊಕ್ಕುವ ಸೆರೇಟಸ್ ಇನ್ನೊಂದು. ಕುರ್ಚಿಯಲ್ಲಿ ಕೂತವರ ದಿನದಲ್ಲಿ ಅವಕ್ಕೆ ಸಿಗುವ ಕೆಲಸ ಬಹಳ ಕಡಿಮೆ. ವ್ಯಾಯಾಮದ ಉದ್ದೇಶ ಅವನ್ನು ಎಬ್ಬಿಸುವುದು, ಮತ್ತು ಮೇಲಿನವಕ್ಕೂ ತಾಳುವ ಶಕ್ತಿ ಬರಿಸುವುದು.

ಇನ್ನು "ನೇರ ಕೂತುಕೊಳ್ಳಿ". ಭುಜ ಹಿಂದಕ್ಕೆ ಎಳೆದು ಇಡೀ ದಿನ ಕೂತರೆ ಅದೂ ಹಿಡಿದಿಡುವ ಕೆಲಸವೇ, ಸ್ನಾಯು ಮಾತ್ರ ಬೇರೆ. ಸ್ವಲ್ಪ ಬಾಗಿ ಕೂತವರಿಗೆಲ್ಲಾ ಬೇನೆ ಬರುವುದಿಲ್ಲ, ನೇರ ಕೂತವರಿಗೆಲ್ಲಾ ತಪ್ಪುವುದೂ ಇಲ್ಲ. ಹೇಗೆ ಬೇಕಾದರೂ ಕೂತುಕೊಳ್ಳಿ, ಅರ್ಧ ಗಂಟೆಯ ಮೇಲೆ ಹಾಗೆಯೇ ಇರಬೇಡಿ.

ಚೆಂಡೆಮದ್ದಳೆ · 10.55

ಸೋತೆ ಅಕ್ಕಾ. ಆದರೆ ಒಂದು ಮಾತು ಸೇರಿಸ್ತೇನೆ. ಹಗಲು ಲೆಕ್ಕಪತ್ರ, ರಾತ್ರಿ ಯಕ್ಷಗಾನದ ಆಟದಲ್ಲಿ ಚೆಂಡೆ ನನ್ನದು. ಬೆಳಗಿನವರೆಗೆ ನಿಂತು ಬಾರಿಸಿದ ಮರುದಿನ ರಟ್ಟೆ ಸೋಲ್ತದೆ, ಕುತ್ತಿಗೆ ಬೇನೆ ಬರುವುದಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸಿದ ದಿನ ಮಾತ್ರ ಕುತ್ತಿಗೆ ತಿರುಗಿಸಲಿಕ್ಕೆ ಆಗುವುದಿಲ್ಲ. ಈಗ ಗೊತ್ತಾಯಿತು ಯಾಕೆ ಅಂತ.

ಪೆರ್ಲದ ಗುಮಾಸ್ತ · 11.10

ಖಾಲಿ ಕೊಡದ ಮಾತು ಮನಸ್ಸಿಗೆ ಹೊಕ್ಕಿತು ಡಾಕ್ಟ್ರೇ. ಹಾಗಾದರೆ ಎಂತ ಮಾಡಬೇಕು, ಎಷ್ಟು ಹೊತ್ತು? ಒಂದು ಗಂಟೆ ಅಂತ ಹೇಳಿದರೆ ಆಗುವ ಕೆಲಸ ಅಲ್ಲ.

ಮುಳ್ಳೇರಿಯಾದ ಫಿಸಿಯೋ · ಸೋಮವಾರ ಬೆಳಿಗ್ಗೆ 6.30

ಡಾಕ್ಟ್ರು ಅನ್ನಬೇಡಿ, ಅಕ್ಕ ಸಾಕು.

ಒಂದು ಗಂಟೆ ಬೇಡ. ಡೆನ್ಮಾರ್ಕಿನಲ್ಲಿ ಕುತ್ತಿಗೆ-ಭುಜದ ಬೇನೆ ಇದ್ದ 198 ಮಂದಿ ಕಚೇರಿ ನೌಕರರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12 ನಿಮಿಷ ರಬ್ಬರ್ ಟ್ಯೂಬಿನ ವ್ಯಾಯಾಮ, ವಾರಕ್ಕೆ ಐದು ದಿನ, ಹತ್ತು ವಾರ. ಉಳಿದವರಿಗೆ ವ್ಯಾಯಾಮ ಇಲ್ಲ, ಮಾಹಿತಿ ಮಾತ್ರ. ವ್ಯಾಯಾಮ ಮಾಡಿದ ಎರಡೂ ಗುಂಪಿಗೆ ಬೇನೆ ತಗ್ಗಿತು, ಎರಡು ನಿಮಿಷದವರಿಗೂ ಸಹ.

ನಾನು ನನ್ನಲ್ಲಿಗೆ ಬರುವವರಿಗೆ ಹೇಳಿಕೊಡುವ ಕ್ರಮ ಹೀಗೆ.

ಮೊದಲು ಆ ಎಲುಬು ಎಲ್ಲಿದೆ, ಹೇಗೆ ಸರಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಕುರ್ಚಿಯಲ್ಲೇ ಕೂತು ಕೈ ಮಡಿಲಲ್ಲಿಡಿ. ಭುಜ ಎರಡನ್ನೂ ಕಿವಿಯ ಹತ್ತಿರ ಎತ್ತಿ, ನಿಧಾನಕ್ಕೆ ಬಿಡಿ. ಪೂರ್ತಿ ಬಿಟ್ಟ ಮೇಲೆ ಹೆಗಲೆಲುಬಿನ ಕೆಳತುದಿಯನ್ನು ಪ್ಯಾಂಟಿನ ಹಿಂದಿನ ಕಿಸೆಗೆ, ಬಲದ್ದನ್ನು ಎಡ ಕಿಸೆಗೆ, ಎಡದ್ದನ್ನು ಬಲ ಕಿಸೆಗೆ ಹಾಕ್ತೇನೆ ಅಂತ ಎಣಿಸಿಕೊಳ್ಳಿ. ಸೀರೆಯವರು ಸೊಂಟದ ಹಿಂದೆ ಅಂತ ಎಣಿಸಿಕೊಳ್ಳಿ. ಐದು ಎಣಿಸುವಷ್ಟು ಹೊತ್ತು ಇಟ್ಟು ಬಿಡಿ, ಹತ್ತು ಸಲ. ಉಸಿರು ಕಟ್ಟಬಾರದು, ಸೊಂಟ ಬಿಲ್ಲಿನ ಹಾಗೆ ಬಗ್ಗಬಾರದು. ಜೋರು ಬೇಡ. ನಿಮ್ಮಲ್ಲಿರುವ ಶಕ್ತಿಯ ಕಾಲುಭಾಗ ಸಾಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಹಿಂದೆ ಎಳೆಯುತ್ತೇನೆ ಅಂತ ಭುಜ ಕಿವಿಯ ಹತ್ತಿರ ಹೋಗಿರ್ತದೆ. ಹಾಗಾದರೆ ಮೊದಲೇ ದುಡಿದು ಸೋತ ಸ್ನಾಯುವೇ ಪುನಃ ದುಡಿಯುತ್ತದೆ.

ಎರಡನೆಯದು ಗೋಡೆ. ಒಂದು ಕೈ ದೂರದಲ್ಲಿ ನಿಂತು ಅಂಗೈಗಳನ್ನು ಭುಜದ ಎತ್ತರಕ್ಕೆ ಗೋಡೆಗೆ ಇಡಿ. ಮೊಣಕೈ ಮಡಚಬೇಡಿ. ಎದೆ ಗೋಡೆಯ ಕಡೆಗೆ ಸ್ವಲ್ಪ ಇಳಿಯಲಿ, ಹೆಗಲೆಲುಬುಗಳು ಹಿಂದೆ ಒಂದರ ಹತ್ತಿರ ಒಂದು ಬರ್ತವೆ. ಈಗ ಗೋಡೆಯನ್ನು ದೂಡಿ, ಮೇಲ್ಬೆನ್ನು ಬೆಕ್ಕಿನ ಹಾಗೆ ಉಬ್ಬುವವರೆಗೆ. ಚಲನೆ ಎರಡು ಮೂರು ಇಂಚು ಮಾತ್ರ, ಅದು ಪೂರಾ ಸೆರೇಟಸ್‌ನ ಕೆಲಸ. ಹತ್ತು ಹನ್ನೆರಡು ಸಲ. ಇದು ಸುಲಭ ಆದ ಮೇಲೆ ಮೇಜಿನ ಅಂಚಿಗೆ ಕೈಕೊಟ್ಟು, ಆಮೇಲೆ ನೆಲದಲ್ಲಿ ಮೊಣಕಾಲೂರಿ.

ಮೂರನೆಯದಕ್ಕೆ ರಬ್ಬರ್ ಬೇಕು. ಕಿಟಕಿಯ ಸರಳಿಗೆ ಹೊಟ್ಟೆಯ ಎತ್ತರದಲ್ಲಿ ಸುತ್ತಿ ಎರಡು ತುದಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ತಾಗಿಸಿ ಹಿಂದೆ ಎಳೆಯುವುದು. ಎಳೆಯುವಾಗ ಎರಡು ಎಣಿಕೆ, ಬಿಡುವಾಗ ನಾಲ್ಕು. ಕೊನೆಗೆ ಅದೇ ರಬ್ಬರನ್ನು ಪಾದದಡಿ ಮೆಟ್ಟಿ, ಕೈಗಳನ್ನು ಪಕ್ಕಕ್ಕೆ, ಸ್ವಲ್ಪ ಎದುರಿಗೆ ಬರುವ ಹಾಗೆ, ಭುಜದ ಎತ್ತರದವರೆಗೆ ಎತ್ತುವುದು. ಡೆನ್ಮಾರ್ಕಿನ ಎರಡು ನಿಮಿಷದವರು ಮಾಡಿದ್ದು ಈ ಕೊನೆಯದನ್ನೇ, ಇನ್ನು ಎತ್ತಲಿಕ್ಕೆ ಆಗದು ಅನ್ನುವವರೆಗೆ.

ಮನೆಯಲ್ಲಿ ಸಮಯ ಇದ್ದರೆ ಹಾಸಿಗೆಯಲ್ಲಿ ಕವುಚಿ ಮಲಗಿ, ಹಣೆಯಡಿ ಮಡಚಿದ ಬೈರಾಸು (ಟವೆಲು), ಕೈಗಳನ್ನು ತಲೆಯ ಆಚೀಚೆ ಓರೆಯಾಗಿ ಚಾಚಿ, ಹೆಬ್ಬೆರಳು ಆಕಾಶಕ್ಕೆ. ಹಾಸಿಗೆಯಿಂದ ನಾಲ್ಕು ಬೆರಳಿನಷ್ಟು ಎತ್ತಿದರೆ ಸಾಕು. ಕೆಳಗಿನ ಟ್ರೆಪೀಜಿಯಸ್ ಎಲ್ಲಿದೆ ಅಂತ ಮರುದಿನ ಗೊತ್ತಾಗ್ತದೆ.

ಮಾಡುವಾಗ ಸ್ವಲ್ಪ ಬೇನೆ ಆಗಬಹುದು. ಹತ್ತರಲ್ಲಿ ಮೂರರಷ್ಟು ಇದ್ದು, ಮರುದಿನ ಬೆಳಿಗ್ಗೆಗೆ ಮೊದಲಿನ ಹದಕ್ಕೆ ಬಂದರೆ ಅಡ್ಡಿ ಇಲ್ಲ. ಹೆಚ್ಚೇ ಉಳಿದರೆ ಸಂಖ್ಯೆ ಅರ್ಧ ಮಾಡಿ.

ನೀರ್ಚಾಲಿನ ಅತ್ತೆ · 7.15

ಕಂಪ್ಯೂಟರಿನವರಿಗೆ ಮಾತ್ರ ಅಂತ ಎಣಿಸಬೇಡಿ. ನನ್ನ ನೆರೆಕರೆಯಲ್ಲಿ ಬೀಡಿ ಕಟ್ಟುವ ಹೆಂಗಸರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ತಲೆ ಬಗ್ಗಿಸಿದರೆ ಸಂಜೆಗೇ ಎತ್ತುವುದು. ಚಾಲಿ (ಒಣಗಿಸಿದ ಅಡಿಕೆ) ಸುಲಿಯಲಿಕ್ಕೆ ಕೂತ ನನಗೂ ಅದೇ ಜಾಗದಲ್ಲಿ ಗಂಟು. ನಮ್ಮನ್ನು ಯಾರೂ ಡೆಸ್ಕಿನ ಕೆಲಸದವರು ಅನ್ನುವುದಿಲ್ಲ ಅಷ್ಟೆ. ಇವತ್ತು ಗೋಡೆಯದ್ದು ಮಾಡಿ ನೋಡಿದೆ, ಹನ್ನೆರಡರಲ್ಲಿ ಕೈ ನಡುಗಿತು.

ಮುಳ್ಳೇರಿಯಾದ ಫಿಸಿಯೋ · 7.20

ಅತ್ತೆ, ಎಂಟರಿಂದ ಶುರು ಮಾಡಿ. ನಡುಗಿದರೆ ಹೆದರಬೇಡಿ, ಮಲಗಿದವನನ್ನು ಎಬ್ಬಿಸಿದರೆ ಸಿಟ್ಟು ಬರುವುದಿಲ್ಲವಾ, ಹಾಗೆ.

ಬೆಂಗಳೂರಲ್ಲಿರುವ ಕುಂಬಳೆಯವ · ಸೋಮವಾರ ಸಂಜೆ 6.02

ನನ್ನ ಅನುಭವ ಉಲ್ಟಾ. ಐಟಿ ಕಂಪೆನಿ, ಮನೆಯಿಂದಲೇ ಕೆಲಸ. ವಿಡಿಯೋ ನೋಡಿ ಹೆಗಲೆಲುಬು ಹಿಂದೆ ಒತ್ತುವುದನ್ನು ದಿನಕ್ಕೆ ನೂರು ಸಲ ಮಾಡಿದೆ. ಎರಡು ವಾರದಲ್ಲಿ ಬೇನೆ ದುಪ್ಪಟ್ಟು ಆಯಿತು, ಎಡಗೈ ಹೆಬ್ಬೆರಳು ಮತ್ತು ತೋರುಬೆರಳು ಜೋಮು ಹಿಡಿಯಲಿಕ್ಕೆ ಶುರು. ಹಾಗಾಗಿ ಈ ವ್ಯಾಯಾಮ ಎಲ್ಲಾ ನನಗೆ ನಂಬಿಕೆ ಇಲ್ಲ. ಕೊನೆಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ಒಮ್ಮೆ ಟಕ್ ಅನ್ನಿಸಿದ ಮೇಲೆ ಹಗುರ ಆಯಿತು, ನಾಲ್ಕು ದಿನ.

ಮುಳ್ಳೇರಿಯಾದ ಫಿಸಿಯೋ · 8.40

ಭಾವಾ, ಮೊದಲು ಆ ಟಕ್ ನಿಲ್ಲಿಸಿ. ಕುತ್ತಿಗೆ ಎಲುಬಿನ ರಂಧ್ರಗಳ ಒಳಗಿಂದ ಮಿದುಳಿಗೆ ರಕ್ತನಾಳ ಹೋಗ್ತದೆ. ಫಕ್ಕನೆ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದು ಉಂಟು. ಅಪರೂಪ ಹೌದು, ಆದರೆ ನಾಲ್ಕು ದಿನದ ಹಗುರಕ್ಕೆ ಅಷ್ಟು ಬೆಲೆ ಕೊಡಬೇಕಾ?

ಎರಡನೆಯದು, ಹೆಬ್ಬೆರಳು ಮತ್ತು ತೋರುಬೆರಳಿನ ಜೋಮು. ಕುತ್ತಿಗೆಯ ಆರನೆಯ ನರ ಒತ್ತಿಕೊಂಡಾಗ ಹೀಗೆ ಆಗಬಹುದು, ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡರೂ ಬೆರಳು ಜೋಮು ಹಿಡಿಯಬಹುದು. ನೋಡದೆ ಹೇಳಲಿಕ್ಕೆ ಆಗುವುದಿಲ್ಲ. ಡಾಕ್ಟ್ರಿಗೆ ತೋರಿಸಿ, ವ್ಯಾಯಾಮ ಆಮೇಲೆ. ಮತ್ತು ದಿನಕ್ಕೆ ನೂರು ಸಲ ಯಾರು ಹೇಳಿದ್ದು! ಬೆಳಗಿನಿಂದ ಹಿಡಿದಿಟ್ಟು ಸೋತ ಜಾಗಕ್ಕೆ ಇನ್ನೂ ನೂರು ಹಿಡಿತ.

ಎಲ್ಲರಿಗೂ ಒಟ್ಟಿಗೇ ಹೇಳಿಬಿಡ್ತೇನೆ. ಕೈಯಲ್ಲಿ ಹಿಡಿದ ಲೋಟ ಜಾರುವುದು, ಅಂಗಿಯ ಗುಬ್ಬಿ (ಗುಂಡಿ) ಹಾಕಲಿಕ್ಕೆ ಬೆರಳು ಕೇಳದಿರುವುದು, ನಡೆಯುವಾಗ ಕಾಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದೊಟ್ಟಿಗೆ ಕುತ್ತಿಗೆ ಬಿಗಿಯುವುದು, ಬಿದ್ದ ಮೇಲೆ ಅಥವಾ ಸ್ಕೂಟರು ಅಪಘಾತದ ಮೇಲೆ ಶುರುವಾದ ಬೇನೆ: ಇವು ಯಾವುದಿದ್ದರೂ ಈ ಎಳೆ ಓದುತ್ತಾ ಕೂರಬೇಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎಡಭುಜ ಅಥವಾ ದವಡೆಗೆ ಬೇನೆ ಬಂದು ಬೆವರು, ಉಬ್ಬಸ ಆದರೆ ಅದು ಹೃದಯದ್ದು ಇರಬಹುದು. 108ಕ್ಕೆ ಫೋನು ಮಾಡಿ.

ಹೊಸಂಗಡಿ ಟೀಚರ್ · 9.05

ನನಗೆ 54, ಶುಗರ್ ಉಂಟು. ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲಿಕ್ಕೆ ಆಗುವುದಿಲ್ಲ, ಹಿಂದೆ ಕೈ ಹಾಕಿ ಜಡೆ ಕಟ್ಟಲಿಕ್ಕೂ ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಎಚ್ಚರ. ಇದೇ ವ್ಯಾಯಾಮ ಸಾಕಾ?

ಮುಳ್ಳೇರಿಯಾದ ಫಿಸಿಯೋ · 9.20

ಟೀಚರ್, ನೀವು ಹೇಳುವುದು ಭುಜದ ಕೀಲೇ ಬಿಗಿದ ಹಾಗೆ ಕೇಳ್ತದೆ, ಫ್ರೋಝನ್ ಶೋಲ್ಡರ್. ಶುಗರ್ ಇದ್ದವರಲ್ಲಿ ಅದು ಹೆಚ್ಚು. ಪರೀಕ್ಷೆ ಒಂದು ಉಂಟು: ನೀವೇ ಎತ್ತಲಿಕ್ಕೆ ಆಗದ ಕೈಯನ್ನು ಇನ್ನೊಬ್ಬರು ಹಿಡಿದೆತ್ತಿದರೂ ಹೋಗದಿದ್ದರೆ ಕೀಲು ಬಿಗಿದದ್ದು. ಅದಕ್ಕೆ ದಾರಿ ಬೇರೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಎಳೆದಾಡಿ ಬಿಡಿಸಲಿಕ್ಕೆ ಹೋಗಬೇಡಿ, ಮೊದಲು ತೋರಿಸಿ.

ಅಡಿಕೆತೋಟ · 9.31

ಕೊಟ್ಟಂಚುಕ್ಕಾದಿ ತೈಲ ಹಚ್ಚಿ ಒಂದು ತಿಂಗಳು ನೋಡಿ. ನಮ್ಮ ಅಜ್ಜ ಇದರಲ್ಲೇ 90 ವರ್ಷ ದಾಟಿದರು.

ಉಪ್ಪಳ ಎಕ್ಸ್‌ಪ್ರೆಸ್ · 9.33

ಅಜ್ಜ ಲ್ಯಾಪ್‌ಟಾಪ್ ಇಟ್ಟುಕೊಂಡು ರೈಲಲ್ಲಿ ಹೋಗ್ತಿದ್ದರಾ?

ಅಡಿಕೆತೋಟ · 9.34

ಇಲ್ಲ, ಮರ ಹತ್ತುತ್ತಿದ್ದರು.

ಮುಳ್ಳೇರಿಯಾದ ಫಿಸಿಯೋ · 9.41

ಉತ್ತರ ನೀವೇ ಕೊಟ್ಟಿರಿ. ಎಣ್ಣೆ, ಬಿಸಿ ಎಲ್ಲಾ ಹಿತ ಕೊಡ್ತದೆ, ಬೇಡ ಅನ್ನುವುದಿಲ್ಲ. ಎಣ್ಣೆ ತಿಕ್ಕಿ ಬಿಸಿ ಇರುವಾಗಲೇ ಗೋಡೆಯ ಹತ್ತಿರ ನಿಂತುಬಿಡಿ.

ಉಪ್ಪಳ ಎಕ್ಸ್‌ಪ್ರೆಸ್ · 9.50

ಮೇಜಿನ ವಿಷಯ ಸ್ವಲ್ಪ ಹೇಳಿ ಅಕ್ಕಾ. ಸಾವಿರಾರು ರೂಪಾಯಿಯ ಕುರ್ಚಿ ಜಾಹೀರಾತು ಬರ್ತಾ ಇರ್ತದೆ.

ಮುಳ್ಳೇರಿಯಾದ ಫಿಸಿಯೋ · 10.12

ಕುರ್ಚಿಗಿಂತ ಮೊದಲು ಮೌಸ್. ಮೊಣಕೈ ಪಕ್ಕೆಯ ಹತ್ತಿರವೇ ಇದ್ದು ಕೈಗೆ ಸಿಗಬೇಕು, ಮುಂಗೈಗೆ ಮೇಜಿನ ಆಸರೆ ಬೇಕು. ಲ್ಯಾಪ್‌ಟಾಪಿನಲ್ಲಿ ಪರದೆ ಸರಿ ಮಾಡಿದರೆ ಕೀಲಿಮಣೆ ಕೆಡ್ತದೆ, ಕೀಲಿಮಣೆ ಸರಿ ಮಾಡಿದರೆ ಪರದೆ ಕೆಳಗೆ. ನಾಲ್ಕು ಹಳೇ ಟೆಲಿಫೋನ್ ಡೈರೆಕ್ಟರಿ ಅಡಿಗಿಟ್ಟು, ಬೇರೆ ಕೀಲಿಮಣೆ ಸಿಕ್ಕಿಸಿ. ರೈಲಿನಲ್ಲಿ ಬ್ಯಾಗನ್ನು ತೊಡೆ ಮೇಲಿಟ್ಟು ಅದರ ಮೇಲೆ ಲ್ಯಾಪ್‌ಟಾಪ್. ಮಂಜೇಶ್ವರ ಬಂದಾಗ ಒಮ್ಮೆ, ಉಳ್ಳಾಲ ಬಂದಾಗ ಒಮ್ಮೆ ತಲೆ ಎತ್ತಿ ಹೊರಗೆ ನೋಡಿ.

ಗುಮಾಸ್ತರೇ, ನಿಮ್ಮ ಕಾಗದ ಎಡಗಡೆ ಮೇಜಿನಲ್ಲಿ ಮಲಗಿದೆ ಅಂದಿರಿ. ಅದನ್ನು ಪರದೆಯ ಪಕ್ಕಕ್ಕೇ ನಿಲ್ಲಿಸಲಿಕ್ಕೆ ಆಗ್ತದಾ?

ಪೆರ್ಲದ ಗುಮಾಸ್ತ · ಮಂಗಳವಾರ ರಾತ್ರಿ 9.15

ಆಯಿತು. ಮಗಳ ಪರೀಕ್ಷೆಯ ರೈಟಿಂಗ್ ಪ್ಯಾಡನ್ನು ಪರದೆಗೆ ಒರಗಿಸಿ ಕ್ಲಿಪ್ಪಿನಲ್ಲಿ ಅರ್ಜಿ ಸಿಕ್ಕಿಸಿದೆ. ಇನ್‌ಸ್ಕ್ರಿಪ್ಟ್ ಅನ್ನುವ ಟೈಪಿಂಗ್ ಕ್ರಮದಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಒಂದೇ ಕೀಲಿವಿನ್ಯಾಸ, ಕೀಲಿಮಣೆ ನೋಡುವ ಅಗತ್ಯ ನನಗೆ ಇರಲೇ ಇಲ್ಲ, ಅಭ್ಯಾಸಬಲದಿಂದ ನೋಡ್ತಾ ಇದ್ದೆ. ಅಂಕೆಗಳ ಕೀಲಿ ಇಲ್ಲದ ಸಣ್ಣ ಕೀಲಿಮಣೆ ಹಾಕಿದ್ದರಿಂದ ಮೌಸ್ ಒಂದು ಗೇಣು ಹತ್ತಿರ ಬಂತು. ರಬ್ಬರ್ ಪಟ್ಟಿ ಇಲ್ಲಿ ಸಿಗಲಿಲ್ಲ. ಸೈಕಲ್ ಅಂಗಡಿಯವನು ಹಳೇ ಟ್ಯೂಬು ಸುಮ್ಮನೆ ಕೊಟ್ಟ, ವಾಲ್ವ್ ಇದ್ದ ಜಾಗ ಕತ್ತರಿಸಿ ತೆಗೆದು ತೊಳೆದೆ. ಕೈಯೆಲ್ಲಾ ಕಪ್ಪು.

ಮುಳ್ಳೇರಿಯಾದ ಫಿಸಿಯೋ · 9.30

ಬಹಳ ಲಾಯ್ಕ ಆಯಿತು. ಸ್ವಲ್ಪ ಪೌಡರ್ ಹಾಕಿ. ಪ್ರತಿ ಸಲ ಎಳೆದು ನೋಡಿ, ಬಿರುಕು ಕಂಡರೆ ಬಿಸಾಡಿ, ತುಂಡಾದರೆ ಮುಖಕ್ಕೆ ಬಡಿಯುತ್ತದೆ.

ಪೆರ್ಲದ ಗುಮಾಸ್ತ · ಏಳು ವಾರದ ನಂತರ, ಶನಿವಾರ ಸಂಜೆ 7.20

ಏನಾಯಿತು ಅಂತ ಕೇಳಿದವರಿಗೆ. ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟುಬಿಡುವ ಅಂತ ಇದ್ದೆ. ಮೂರನೆಯ ವಾರ ತಲೆನೋವು ನಿಂತದ್ದು ನನಗೇ ಗೊತ್ತಾಗಲಿಲ್ಲ, ಮಾತ್ರೆಯ ಸ್ಟ್ರಿಪ್ಪು ಹಾಗೇ ಇರುವುದನ್ನು ಹೆಂಡತಿ ನೋಡಿ ಹೇಳಿದಳು. ಗಂಟು ಈಗಲೂ ಉಂಟು, ಅಡಿಕೆ ಹೋಗಿ ಕಡಲೆ ಆಗಿದೆ. ನಡುವೆ ಹೆದ್ದಾರಿ ಕೆಲಸದ ಹೊಂಡದಲ್ಲಿ ಸ್ಕೂಟರು ಹಾರಿಸಿದ ದಿನ, ಮತ್ತೆ ಪಿಂಚಣಿ ಮಸ್ಟರಿಂಗಿನ ಕೊನೆಯ ವಾರ, ಬೇನೆ ಪೂರ್ತಿ ವಾಪಸು ಬಂದಿತ್ತು. ಎರಡು ದಿನ ಸಂಖ್ಯೆ ಅರ್ಧ ಮಾಡಿದೆ, ಇಳಿಯಿತು.

ಗೋಡೆಯದ್ದನ್ನು ಕೇಂದ್ರದಲ್ಲೇ ಮಾಡುವುದು, ಸರ್ವರ್ ತಿರುಗುತ್ತಾ ಇರುವಾಗ. ಆ ಹೊತ್ತಿಗೆ ಬರಗಾಲ ಇಲ್ಲ. ಮೊನ್ನೆ ಮಸ್ಟರಿಂಗಿಗೆ ಬಂದ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು ನೋಡಿ, "ಎಂತ ಮಗಾ, ಗೋಡೆ ಬೀಳ್ತದಾ?" ಅಂತ ಕೇಳಿ, ಒಳಗೆ ಬರಲಿಕ್ಕೆ ಒಪ್ಪಲಿಲ್ಲ. ಕೈಬಿಟ್ಟು ತೋರಿಸಬೇಕಾಯಿತು.

ನೀರ್ಚಾಲಿನ ಅತ್ತೆ · 7.44

ನನ್ನದು ಈಗ ಇಪ್ಪತ್ತು, ಮೇಜಿಗೆ ಬಂದಿದ್ದೇನೆ. ಬೀಡಿಯ ಇಬ್ಬರು ಹೆಂಗಸರೂ ಸೇರಿದ್ದಾರೆ.

ಮುಳ್ಳೇರಿಯಾದ ಫಿಸಿಯೋ · 8.10

ಗುಮಾಸ್ತರೇ, ಟ್ಯೂಬು ಇಪ್ಪತ್ತು ಸಲ ಆರಾಮದಲ್ಲಿ ಎಳೆಯಲಿಕ್ಕೆ ಆಗ್ತದೆ ಅಂತಾದರೆ ಮಡಚಿ ಎರಡು ಎಳೆ ಮಾಡಿ, ಎಂಟರಿಂದ ಪುನಃ ಶುರು. ಒಂದೇ ಭಾರದಲ್ಲಿ ವರ್ಷಗಟ್ಟಲೆ ಮಾಡಿದರೆ ಅಲ್ಲಿಗೇ ನಿಲ್ತದೆ.

ಉಪ್ಪಳ ಎಕ್ಸ್‌ಪ್ರೆಸ್ · 8.15

ಅಕ್ಕಾ, ನನ್ನ ಹತ್ತಿರ ಬುಲೆಟ್ಟಿನ ಟ್ಯೂಬು ಉಂಟು. ಆಗ್ತದಾ?

ಮುಳ್ಳೇರಿಯಾದ ಫಿಸಿಯೋ · 8.16

ಆಗುವುದಿಲ್ಲ.